ಚಕ್ರದಡಿಯ ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ, ಹಳೆಯ ಮೋಟರ್‌ಸೈಕಲ್ಲಿನ ಮುಂಚಕ್ರದಡಿ ಕೂತಿದ್ದ ನಿಂಬೆಹಣ್ಣು ಹೆಡ್‌ಲೈಟಿನ ಮೇಲೆ ಬ್ಯಾಟರಿಯ ಕರೆಂಟು ತೋರಿಸುವ ಮೀಟರಿನ ಮುಳ್ಳಿಗೆ ಹೇಳಿತು: “ಈ ದಿನ ನಿನ್ನ ಪಾಠ ಬೇಡ. ಬರುವ ಕೇಡನ್ನೆಲ್ಲ ನನ್ನ ಮೈಮೇಲೆ ಎಳೆದುಕೊಳ್ಳಲು ನಾನಿದ್ದೇನೆ.”

ಮುಳ್ಳು ಹೇಳಿತು: “ಕೇಡು ಇರುವುದು ಗಾಡಿ ಸ್ಟಾರ್ಟ್ ಮಾಡಲು ಒದೆಯುವ ಕಿಕ್ಕರಿನಲ್ಲಿ. ಅದನ್ನು ಮೆಲ್ಲಗೆ ಒತ್ತಿ, ನಾನು ನಡುಗೆರೆಗೆ ಬಂದ ಮೇಲೆಯೇ ಒದೆಯಬೇಕು. ಆತುರಪಟ್ಟರೆ ಎಂಜಿನ್ ಆ ಒದೆತವನ್ನು ವಾಪಸ್ ಕೊಡುತ್ತದೆ.”

“ಪೂಜೆ ಮಾಡಿಸಿಕೊಂಡ ಗಾಡಿ ಯಜಮಾನನನ್ನೇ ಒದೆಯುವುದುಂಟೆ?” ಎಂದು ನಿಂಬೆ ನಕ್ಕಿತು.

ಅಷ್ಟರಲ್ಲಿ ಯಜಮಾನ ಮುದ್ದಯ್ಯ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಬಂದ.

“ಅಣ್ಣ, ಶೂ ಹಾಕ್ಕೊಂಡು ಬಾ. ಮುಳ್ಳು ನಡುವಿಗೆ ಬರ್ಲಿ, ಆಮೇಲೆ ಒದಿ,” ಎಂದಳು ತಂಗಿ ಜಯಮ್ಮ.

“ಈಗ ತಾನೆ ಆರತಿ ಎತ್ತಿದೀಯ. ಶೂ ಕಾಲಲ್ಲಿ ಒದಿಯಕ್ಕಾಯ್ತದಾ?” ಎಂದವನೇ ಮುದ್ದಯ್ಯ ಮೀಟರಿನ ಕಡೆ ನೋಡದೆ ಒದ್ದ.

ಕಿಕ್ಕರ್ ಅರ್ಧಕ್ಕೆ ಇಳಿದು, ಇಳಿದದ್ದಕ್ಕಿಂತ ಜೋರಾಗಿ ಮೇಲೆದ್ದಿತು. ಮೂಳೆ ಮುರಿದ ಸದ್ದು ಚಕ್ರದಡಿಗೂ ಕೇಳಿಸಿತು. ಮುದ್ದಯ್ಯ ಆರತಿ ತಟ್ಟೆಯ ಮೇಲೆಯೇ ಬಿದ್ದ. ಜಯಮ್ಮ ಆಟೋ ಕರೆಯಲು ಬೀದಿಗೆ ಓಡಿದಳು.

ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದ ಮೇಲೆ ನಿಂಬೆ ಹೇಳಿತು: “ನಾನು ಇಲ್ಲೇ ಇದ್ದೆನಲ್ಲ. ನನ್ನ ಸಿಪ್ಪೆಗೂ ಏನೂ ಆಗಿಲ್ಲವಲ್ಲ.”

“ಚಕ್ರ ಉರುಳಿದರೆ ತಾನೆ ನಿನ್ನ ಸರದಿ? ಗಾಡಿ ಇನ್ನೂ ಹೊರಟೇ ಇರಲಿಲ್ಲ,” ಎಂದಿತು ಮುಳ್ಳು.