ಮರಿಸಿದ್ದನೂ ಮಾವನ ಜರಡಿ ಲೋಟವೂ

ಕೇಳ್ರಪ್ಪೋ ಕೇಳಿ! ಹಲ್ಲಿರೋರು ಹಲ್ಲು ಬಿಟ್ಟು ನಗಿ, ಹಲ್ಲಿಲ್ಲದೋರು ಸೆರಗು ಅಡ್ಡ ಇಟ್ಕೊಂಡು ನಗಿ. ನಡುವೆ ಬಾಯಿ ಹಾಕಿ ‘ಆಮೇಲೆ?’ ಅಂತ ಮಾತ್ರ ಕೇಳಬೇಡಿ, ನನಗೆ ಸಿಟ್ಟು ಬರುತ್ತೆ.

ಒಂದೂರಲ್ಲಿ ತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಮರಿಸಿದ್ದ. ಆಳು ನೋಡಿದರೆ ಕಂಬದ ಹಾಗಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಕಷ್ಟ! ಒಂದು ದಿನ “ಒಲೆ ಊದೋ ಮಗ” ಅಂದಳು. ಊದಿದ. ಅನ್ನ ಬೆಂತು, ಊದಿದ. ಅವ್ವ ಉಂಡಳು, ಮಲಗಿದಳು, ಎದ್ದಳು. ಇವನು ಇನ್ನೂ ಊದುತ್ತಿದ್ದ! ಮೀಸೆಯೆಲ್ಲ ಬೂದಿ.

“ಅಯ್ಯೋ ಶಿವನೇ! ಇವ್ನಿಗೆ ಯಾರಪ್ಪಾ ಹೆಣ್ಣು ಕೊಡ್ತಾರೆ!” ಅಂತ ತಾಯಮ್ಮ ಹಣೆ ಚಚ್ಚಿಕೊಂಡಳು.

ಕೇಳಿದ ಮನೆಯವರೆಲ್ಲ ಒಲ್ಲೆ ಅಂದಾಗಿತ್ತು. ಉಳಿದದ್ದು ಒಂದೇ ಬಾಗಿಲು, ಅವಳ ಅಣ್ಣ ಹೊಂಬಾಳೇಗೌಡನದು. ಅವನಿಗೊಬ್ಬಳೇ ಮಗಳು, ಇಂದ್ರಾಣಿ. ಸೋದರಮಾವನ ಮಗಳು ಅಂದಮೇಲೆ ಕೇಳುವ ಹಕ್ಕು ಇದ್ದೇ ಇದೆಯಲ್ಲ! ಮಗನನ್ನು ಎಳೆದುಕೊಂಡು ಅಣ್ಣನ ಮನೆಗೇ ಬಂದು ಕೂತಳು.

ಆ ಗೌಡನಿಗೆ ಸಕ್ಕರೆ ಕಾಯಿಲೆ. ಹಾಲೂ ಬೇಡ, ಸಕ್ಕರೆಯೂ ಬೇಡ, ಬರೀ ಟೀ ಸೊಪ್ಪಿನ ನೀರು ಕುಡಿ ಅಂದಿದ್ದರು ಡಾಕ್ಟರು. ಅದಕ್ಕೇ ಅಂತ ಮೈಸೂರಿನಿಂದ ಒಂದು ಪಿಂಗಾಣಿ ಲೋಟ ತರಿಸಿದ್ದ. ಲೋಟದ ಬಾಯೊಳಗೇ ಕೂರುವ ಜರಡಿ, ಜರಡಿಯ ಮೇಲೊಂದು ಮುಚ್ಚಳ. ಮನೆಯಲ್ಲಿ ಯಾರು ಮಾಡಿಕೊಟ್ಟರೂ ಅವನದೊಂದು ಕೊಂಕು. ಸಪ್ಪೆ ಅನ್ನೋನು, ಕಹಿ ಅನ್ನೋನು.

“ನೋಡು ತಂಗ್ಯವ್ವ, ನಿನ್ ಮಗ ಈ ಲೋಟ್ದಲ್ಲಿ ಒಂದೇ ಒಂದ್ ಸಲ ಸರಿಯಾಗಿ ಟೀ ಮಾಡ್ಕೊಡ್ಲಿ, ಹುಡ್ಗಿ ಕೊಡ್ತೀನಿ. ಇಲ್ಲಾಂದ್ರೆ ಕಾಂಪೌಂಡರ್ ಮಗ ಕೇಳ್ತಾವ್ನೆ, ಅವ್ನಿಗೇ ಕೊಟ್ಬುಡ್ತೀನಿ!”

ಮಗಳನ್ನು ಕೊಡೋಕೆ ಇದೊಂದು ಪರೀಕ್ಷೆಯೇ? ನನ್ನನ್ನು ಕೇಳಿದರೆ ಅರ್ಧ ಪೆದ್ದುತನ ಆ ಮಾವನದೇ.

ತಾಯಮ್ಮ ಮಗನ ಕಿವಿ ಹಿಡಿದು ಹೇಳಿದಳು: “ಜರಡೀಲಿ ಸೊಪ್ಪು ಹಾಕು, ಮೇಲೆ ಬಿಸಿನೀರು ಹುಯ್ಯಿ. ಅಷ್ಟೇ ಕಣ್ಲಾ!”

ಅಷ್ಟೇ ಮಾಡಿದ. ಲೋಟದಿಂದ ಜರಡಿ ಕಿತ್ತುಕೊಂಡ, ಸೊಪ್ಪು ಹಾಕಿದ, ಮಾವನ ಮುಂದೆ ಬಂದು ನಿಂತ, ಜರಡಿ ಎತ್ತಿ ಹಿಡಿದು ಕುದಿಯೋ ನೀರು ಸುರಿದ. ಸರ್ರಂತ ನೀರೆಲ್ಲ ಮಾವನ ಪಾದದ ಮೇಲೆ!

“ಅಯ್ಯಯ್ಯಪ್ಪೋ! ಸುಟ್ನಲ್ಲಪ್ಪೋ!” ಗೌಡ ಜಗಲಿಯಿಂದ ಅಂಗಳಕ್ಕೇ ಹಾರಿದ.

“ಅಯ್ಯೋ ಪೆದ್ದೇ!” ಅಂತ ತಾಯಮ್ಮ ಬೈದಳು. “ಕೆಳಗಡೆ ಲೋಟ ಇರ್ಬೇಕು ಕಣ್ಲಾ! ನೀರು ಹುಯ್ಯೋವಾಗ ಕೆಳಗಡೆ ಲೋಟ ಇಡ್ಬೇಕು!”

“ಆಗ್ಲಿ ಅವ್ವ, ಇಡ್ತೀನಿ.”

ಮಾರನೆ ದಿನ ಪಕ್ಕದೂರಿನ ನೆಂಟನೊಬ್ಬ ಗದ್ದೆ ಕೆಸರು ತುಳಿದುಕೊಂಡು ಬಂದ. “ಬಾವ, ಅವ್ರ ಕಾಲಿಗೆ ನೀರು ಹುಯ್ಯಿ” ಅಂದಳು ಇಂದ್ರಾಣಿ. ನೀರು ಹುಯ್ಯೋವಾಗ ಏನಿರಬೇಕು? ಕೆಳಗಡೆ ಲೋಟ! ಓಡಿದ, ಮಾವನ ಲೋಟ ತಂದ, ನೆಂಟನ ಹಿಮ್ಮಡಿ ಕೆಳಗೆ ಹಿಡಿದ, ಹುಯ್ದ. ಲೋಟ ತುಂಬಿತು. ತುಂಬಿದ ಲೋಟ ಯಾರದು? ಮಾವನದು. ತಗೊಂಡು ಹೋಗಿ ಮಾವನ ಕೈಗೇ ಕೊಟ್ಟ.

ಗೌಡ ಒಂದು ಗುಟುಕು ಕುಡಿದ. ಬಾಯಿ ಚಪ್ಪರಿಸಿದ. “ಬಣ್ಣವೇನೋ ಬಂದದೆ. ಇದೇನ್ಲಾ ಮಣ್ಣಿನ ವಾಸ್ನೆ?”

“ನೆಂಟ್ರ ಕಾಲು ತೊಳೆದಿದ್ದು ಮಾವ!”

ಗೌಡನ ಕಣ್ಣು ಮೇಲಕ್ಕೆ ಹೋದವು. ಹಿತ್ತಿಲಿಗೆ ಓಡಿದವನು ಹೊತ್ತು ಮುಳುಗಿದರೂ ಒಳಗೆ ಬರಲಿಲ್ಲ.

“ಥೂ ನಿನ್ನ!” ತಾಯಮ್ಮ ಬೈದಳು. “ಸೊಪ್ಪಿಗೆ ಬಿಸಿನೀರು ಬಿದ್ದು ಬಣ್ಣ ಬರ್ಬೇಕು ಕಣ್ಲಾ! ಬಿಸಿನೀರು ಬಿತ್ತಾ, ತಕ್ಷಣ ಮುಚ್ಬುಡು. ಯಾರು ಎಷ್ಟೇ ಅವಸರ ಮಾಡಿದ್ರೂ ಬಣ್ಣ ಬರೋಗಂಟ ತೆಗೀಬ್ಯಾಡ!”

“ಆಗ್ಲಿ ಅವ್ವ, ತೆಗಿಯಾಕಿಲ್ಲ.”

ಅದರ ಮಾರನೆ ದಿನ ಗೌಡ ಎಣ್ಣೆ ನೀರಿಗೆ ಕೂತ. “ಲೇ ಅಳಿಯ, ಬೆನ್ನಿಗೆ ಬಿಸಿನೀರು ಹಾಕು ಬಾ” ಅಂದ. ಪಾಪ, ಬುದ್ಧಿ ಇನ್ನೂ ಬಂದಿರಲಿಲ್ಲ ಅವನಿಗೆ. ಮರಿಸಿದ್ದ ಹಂಡೆಯಿಂದ ಮೊಗೆದು ಹಾಕಿದ. ಬಿಸಿನೀರು ಬಿತ್ತಾ? ಬಿತ್ತು! ಹೊರಗೆ ಬಂದ, ಬಚ್ಚಲಮನೆ ಬಾಗಿಲು ಮುಚ್ಚಿದ, ಚಿಲಕ ಹಾಕಿದ, ಕಾವಲು ಕೂತ.

ಒಳಗೆ ಒಲೆ ಧಗಧಗ, ಹಂಡೆ ಕೊತಕೊತ, ಹೊಗೆಯೋ ಹೊಗೆ! “ಲೇ, ತೆಗಿಯೋ ಬಾಗ್ಲಾ!” ಅಂತ ಗೌಡ ಬಡಿದ. “ಬಣ್ಣ ಬಂತಾ ಮಾವ?” ಅಂದ ಇವನು. “ತೆಗಿಯೋ ಸಾಯ್ತೀನಿ!” “ಅವಸರ ಮಾಡ್ಬ್ಯಾಡ ಮಾವ!”

ತಾಯಮ್ಮ ಎದೆ ಬಡಿದುಕೊಂಡು ಓಡಿ ಬಂದು ಚಿಲಕ ತೆಗೆದಳು. ಗೌಡ ಈಚೆಗೆ ಬಿದ್ದ. ಬೇಯಿಸಿದ ಗೆಣಸಿನ ಹಾಗೆ ಕೆಂಪಗೆ ಹಬೆಯಾಡುತ್ತಿದ್ದ.

“ಬಂತು ಅವ್ವ! ಎಷ್ಟು ಚೆನ್ನಾಗಿ ಬಣ್ಣ ಬಂತು ನೋಡು!”

ಗೌಡ ಉಸಿರು ತಿರುಗಿದ ಮೇಲೆ ಮೊದಲು ಆಡಿದ ಮಾತು, “ಕಾಂಪೌಂಡರ್ ಮಗನ್ನ ಕರೀರಿ.” ತಾಯಮ್ಮ ಅಣ್ಣನ ಕಾಲು ಹಿಡಿದಳು. “ಇನ್ನೊಂದೇ ಸಲ ಅಣ್ಣಯ್ಯ! ನಾನು ಸತ್ರೆ ಇವ್ನಿಗೆ ಒಂದ್ ಹೊತ್ತು ಅನ್ನ ಇಕ್ಕೋರು ಯಾರು ಹೇಳು?” ಅಂತ ಗೊಳೋ ಅಂತ ಅತ್ತಳು. ಅದನ್ನು ನೋಡಿ ಇಂದ್ರಾಣಿ ಮುಂದೆ ಬಂದಳು.

“ಅಳ್ಬ್ಯಾಡ ಅತ್ತೆ, ನಾನು ನಿಂತು ಹೇಳ್ತೀನಿ” ಅಂದಳು. ನಿಂತಳು. ಹೇಳಿದಳು. ಲೋಟದೊಳಗೆ ಜರಡಿ ಇಡು ಬಾವ, ಇಟ್ಟ. ಸೊಪ್ಪು ಹಾಕು, ಹಾಕಿದ. ಬಿಸಿನೀರು ಹುಯ್ಯಿ, ಹುಯ್ದ. ಮುಚ್ಚು, ಮುಚ್ಚಿದ. ಬಣ್ಣ ಬಂತು.

“ಈಗ ಹುಯ್ದದ್ದೆಲ್ಲ ಇಳೀತಲ್ಲ ಬಾವ? ಮೇಲಿರೋದನ್ನ ಎತ್ತಿ ತಿಪ್ಪೆಗೆ ಎಸಿ. ಕೆಳಗಿರೋದೇ ಕುಡಿಯೋದು.”

ಎಸೆದ. ಮಾವನಿಗೆ ಕೊಟ್ಟ. ಗೌಡ ಹೆದರಿ ಹೆದರಿ ಮೂಸಿದ, ಹೆದರಿ ಹೆದರಿ ನೆಕ್ಕಿದ. ಟೀ! ನಿಜವಾದ ಟೀ! ಇಂಥಾ ಟೀ ಆ ಲೋಟದಲ್ಲಿ ಅವನು ಕುಡಿದೇ ಇರಲಿಲ್ಲ. ಮನೆಯವರೆಲ್ಲ ಬೆಚ್ಚಿಬಿದ್ದರು.

“ನಿಂಗೆ ಒಪ್ಗೆಯೇನವ್ವ?” ಅಂತ ಮಗಳನ್ನು ಕೇಳಿದ.

“ಹೇಳಿದ್ನ ಹೇಳ್ದಂಗೆ ಮಾಡೋ ಗಂಡು ಈ ಸೀಮೇಲಿ ಇನ್ನೆಲ್ಲವ್ನೆ ಅಪ್ಪ?” ಅಂದಳು ಇಂದ್ರಾಣಿ. ಸುತ್ತ ಇದ್ದ ಹೆಂಗಸರು ಹೌದೌದು ಅಂತ ತಲೆಯಾಡಿಸಿದರು.

ಮದುವೆ ಗೊತ್ತಾಯಿತು. ಅಂಗಳದಲ್ಲೇ ಚಪ್ಪರ. ಧಾರೆಯ ಹೊತ್ತಾಯಿತು. ಮೇಲೆ ಇಂದ್ರಾಣಿ ಕೈ, ಅದರ ಕೆಳಗೆ ಮರಿಸಿದ್ದನ ಕೈ, ಅದರ ಕೆಳಗೆ ಕಂಚಿನ ತಟ್ಟೆ. ಗೌಡ ಕಣ್ಣೀರು ಒರೆಸಿಕೊಂಡು ಹಾಲು ಹುಯ್ದ. ಹಾಲು ಮೇಲಿನ ಕೈಯಿಂದ ಇಳಿಯಿತು, ಕೆಳಗಿನ ಕೈಯಿಂದ ಇಳಿಯಿತು, ತಟ್ಟೆಗೆ ಬಿತ್ತು. ಮರಿಸಿದ್ದ ನೋಡಿದ. ಹುಯ್ದದ್ದೆಲ್ಲ ಇಳೀತಾ? ಇಳೀತು!

ಎದ್ದ. ಮೇಲಿದ್ದದ್ದನ್ನು ಎತ್ತಿದ. ಸೀರೆ, ಒಡವೆ, ಬಾಸಿಂಗ ಸಮೇತ ಎತ್ತಿ ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ನಡೆದ. ತಿಪ್ಪೆಗೆ ಎಸೆದ. ವಾಪಸು ಬಂದ, ತಟ್ಟೆ ಎತ್ತಿ ಧಾರೆ ಹಾಲನ್ನು ಗಟಗಟ ಕುಡಿದ.

ಪುರೋಹಿತರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಹೆಂಗಸರು ಓಡಿದರು, ಇಂದ್ರಾಣಿಯನ್ನು ಎತ್ತಿದರು, ಕೊಡವಿದರು, ತಂದರು. ಅವಳ ಕಣ್ಣಲ್ಲಿ ಬೆಂಕಿ. “ನಿನ್ ಮುಖ ನಂಗೆ ತೋರಿಸ್ಬ್ಯಾಡ!” ಅಂತ ಕಿರುಚಿದಳು.

“ಆಗ್ಲಿ, ತೋರ್ಸಾಕಿಲ್ಲ” ಅಂದ. ಸುತ್ತ ನೋಡಿದ. ಕೊಟ್ಟಿಗೆ ಗೋಡೆಗೆ ಒರಗಿದ್ದ ಸಗಣಿ ಹೊರುವ ಮಂಕರಿ ಬುಟ್ಟಿ ತಗೊಂಡ, ತಲೆಯ ಮೇಲೆ ಬೋರಲು ಹಾಕಿಕೊಂಡ. ಹೆಗಲವರೆಗೂ ಇಳಿಯಿತು. ಹಾಗೇ ಬಂದು ಹಸೆಮಣೆ ಮೇಲೆ ಕೂತ.

“ಮುಹೂರ್ತ ಮೀರ್ತದಲ್ಲೋ! ಮೊದ್ಲು ತಾಳಿ ಕಟ್ಲಾ, ಬೇಗ ಕಟ್ಲಾ!” ಅಂತ ತಾಯಮ್ಮ ತಾಳಿಯನ್ನು ಅವನ ಕೈಗೆ ತುರುಕಿದಳು.

ಗೌಡ ಆ ಮಂಕರಿ ಕಿತ್ತು ಬಿಸಾಕೋಣ ಅಂತ ಮುಂದೆ ಬಂದು ಬಗ್ಗಿದ. ಮರಿಸಿದ್ದನ ಕೈ ತಡಕಿತು. ಒಂದು ಕೊರಳು ಸಿಕ್ಕಿತು. ಕಟ್ಟೇಬಿಟ್ಟ! ಗಂಟು ಹಾಕೋದು ಕಂಡದ್ದೇ ವಾಲಗದವರು ಗಟ್ಟಿಮೇಳ ಬಾರಿಸಿದರು, ಹಿಂದೆ ಕೂತವರು ಏನೂ ಕಾಣದೆ ಅಕ್ಷತೆ ಎರಚಿದರು.

ಇಂದ್ರಾಣಿ ಅಪ್ಪನ ಕೊರಳು ನೋಡಿದಳು. ಗೌಡನೂ ತನ್ನ ಕೊರಳು ಮುಟ್ಟಿ ಮುಟ್ಟಿ ನೋಡಿಕೊಂಡ. ಅರಿಶಿನದ ದಾರ, ಬಂಗಾರದ ತಾಳಿ!

“ಅಯ್ಯಯ್ಯೋ ಕೆಟ್ಟೆನಲ್ಲಪ್ಪೋ! ಮನೆಗೆ ಸೊಸೆ ತತ್ತಾರೋ ಅಂದ್ರೆ ನನ್ನಣ್ಣನ್ನೇ ಸೊಸೆ ಮಾಡ್ಬುಟ್ನಲ್ಲಪ್ಪೋ!” ಅಂತ ತಾಯಮ್ಮ ಕುಸಿದು ಕೂತಳು.

ಮಂಕರಿಯೊಳಗಿಂದ ಮಾತು ಬಂತು: “ಯಾಕವ್ವ ಅಳ್ತೀಯೆ? ಮೂರೂ ಗಂಟು ಗಟ್ಟಿಯಾಗೇ ಹಾಕಿವ್ನಿ!”