ತಿಪ್ಪ ಎಂದು ಕರೆಯುವವರು

ಶಿಷ್ಯ ಕೇಳಿದ: "ಗುರುಗಳೇ, ನನ್ನ ಹೆಂಡತಿಗೆ ತವರಿನಲ್ಲಿ ದುಡಿತ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಆದರೂ ತವರಿನ ದಿಕ್ಕಿಗೆ ಮುಖಮಾಡಿ ಕೂರುತ್ತಾಳೆ. ಅಲ್ಲಿ ಅಂಥದ್ದೇನಿದೆ?"

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗಿ ಬಾಳಬೇಕಿತ್ತು. ಅಲ್ಲಿ ಒಬ್ಬಳಿಗೆ ಮೂರು ಮಕ್ಕಳು ಹುಟ್ಟಿ ಮೂರೂ ಉಳಿಯಲಿಲ್ಲ. ನಾಲ್ಕನೆಯ ಮಗನನ್ನು ಅವಳು ತಿಪ್ಪೆಯ ಮೇಲೆ ಮಲಗಿಸಿದಳು. ಸಾವಿಗೂ ಬೇಡವಾಗಲಿ ಎಂದು ತಿಪ್ಪ ಎಂದು ಹೆಸರಿಟ್ಟು ಎತ್ತಿಕೊಂಡು ಬಂದಳು. ಮಗು ಉಳಿಯಿತು.

ಗಂಡ ತೀರಿಕೊಂಡ ಮೇಲೆ ಅವಳು ಮತ್ತೊಬ್ಬನನ್ನು ಮದುವೆಯಾದಳು. ಅವನು ತನ್ನ ಇಬ್ಬರು ಗಂಡುಮಕ್ಕಳನ್ನೂ ಕರೆತಂದ. ತಿಪ್ಪ ಬೇಯಿಸಿದ, ಅವರು ಉಂಡರು. ಒಲೆಯ ಬೂದಿ ತಿಪ್ಪನ ಪಾಲಿಗೆ ಬಂತು. ಎಲ್ಲರ ಊಟ ಮುಗಿದ ಮೇಲೆ ತಾಯಿ ಹಿತ್ತಲಿನಲ್ಲಿ ನಿಂತು, ಸೆರಗಿನ ಮರೆಯಲ್ಲಿ ಒಂದು ರೊಟ್ಟಿ ಹಿಡಿದು, "ತಿಪ್ಪಾ" ಎಂದು ಮೆಲ್ಲಗೆ ಕರೆಯುತ್ತಿದ್ದಳು.

ಒಮ್ಮೆ ಅರಮನೆಯ ಹಬ್ಬಕ್ಕೆ ಹೋದಾಗ ತಿಪ್ಪನ ಒಂದು ಕೆರ ಅಲ್ಲಿಯೇ ಕಳಚಿತು. ಅವನನ್ನು ಮೆಚ್ಚಿದ್ದ ರಾಜಕುಮಾರಿ ಆ ಕೆರ ಹಿಡಿದು ಮನೆಮನೆ ತಿರುಗಿದಳು. ಅದು ತಿಪ್ಪನ ಕಾಲಿಗಷ್ಟೇ ಹಿಡಿಸಿತು. ಮದುವೆಯಾಯಿತು. ಅವನು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು, ಬಲಗಾಲಿಟ್ಟು ಒಳಗೆ ಹೋದ.

ಶಿಷ್ಯ ನಕ್ಕ. "ಗಂಡಸು ಸೇರು ಒದೆಯುವುದೇ?"

"ಅವನಿಗೂ ಕಾಲಿತ್ತಲ್ಲ. ಬಾಯಿ ಮುಚ್ಚಿ ಕೇಳು" ಎಂದರು ಗುರುಗಳು.

ಮನೆತುಂಬಿದ ಗಂಡಿಗೆ ಹೊಸ ಹೆಸರಿಡುವುದು ಪದ್ಧತಿ. ರಾಜಕುಮಾರಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ರತ್ನಶೇಖರ ಎಂದು ಬರೆದಳು. ಮೂರು ವರ್ಷ ಎಲ್ಲರೂ ಹಾಗೆಯೇ ಕರೆದರು.

ಒಂದು ದಿನ ಅವನು ಹೆಂಡತಿಗೆ ಹೇಳಿದ: "ನನ್ನನ್ನು ಒಮ್ಮೆ ತಿಪ್ಪಾ ಅನ್ನು."

"ಥೂ, ಅದೂ ಒಂದು ಹೆಸರೇ! ಬೂದಿ ಬಳಿಸಿದವರು ಬೈದ ಬೈಗುಳ ಅದು. ಇನ್ನು ಯಾರ ಬಾಯಲ್ಲೂ ಬರದ ಹಾಗೆ ಮಾಡುತ್ತೇನೆ, ನೋಡುತ್ತಿರು" ಎಂದಳು. ಅವಳಿಗೆ ಅವನ ಮೇಲೆ ಅಷ್ಟು ಪ್ರೀತಿ. ಆ ಹೆಸರು ಹೇಳಿದವರಿಗೆ ಶಿಕ್ಷೆ ಎಂದು ಊರೂರಿಗೆ ಡಂಗುರ ಸಾರಿಸಿದಳು.

ಪಂಚಮಿಗೆ ಅವನನ್ನು ಪಲ್ಲಕ್ಕಿಯಲ್ಲಿ ತವರಿಗೆ ಕಳಿಸಿದಳು. ಮಲತಂದೆ ಕೈಮುಗಿದ. ಅವನ ಮಕ್ಕಳು ಕಾಲಿಗೆ ನೀರು ಕೊಟ್ಟರು. ತಿಪ್ಪ ಯಾರನ್ನೂ ನೋಡದೆ ನೇರ ಹಿತ್ತಲಿಗೆ ಹೋಗಿ ನಿಂತ. ತಾಯಿ ಬಂದಳು.

"ಅವ್ವಾ, ಇಲ್ಲಿ ಯಾರೂ ಇಲ್ಲ. ಒಂದೇ ಒಂದು ಸಲ ಕರೆ."

ತಾಯಿ ಬಾಯಿ ತೆರೆದಳು. ಬೇಲಿಯ ಆಚೆ ಅರಮನೆಯ ಭಟರು ನಿಂತಿದ್ದರು.

"ರತ್ನಶೇಖರಾ, ಊಟಕ್ಕೆ ಬಾರಪ್ಪ" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂತು. "ಎಂಥ ಹೆಂಗಸು ಅವಳು! ಆ ಹೆಸರಿನಲ್ಲಿ ಏನಿದೆ ಎಂದು ಗಂಡನನ್ನು ಒಂದು ಮಾತು ಕೇಳಬಾರದಿತ್ತೇ?"

ಗುರುಗಳು ಕೇಳಿದರು: "ನಿನ್ನ ಹೆಂಡತಿಯನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರು?"