ಚಿಕ್ಕಲಿಂಗ ಚೈನಿನ ಸದ್ದು ನಿಲ್ಲಿಸಿದ್ದು

ಊರು ಯಾವುದಾದ್ರೂ ಅಂದ್ಕೊಳ್ಳಿ, ವಡೆ ಮಾರೋ ದೇವೀರಮ್ಮ ಅಂತ ಒಬ್ಬಳಿದ್ಳು. ಅವಳಿಗೊಬ್ಬನೇ ಮಗ, ಚಿಕ್ಕಲಿಂಗ. ಹೇಳಿದ್ದನ್ನೆಲ್ಲಾ ಮಾಡೋನು, ಹೇಳಿದ್ದಷ್ಟೇ ಮಾಡೋನು. ಅಯ್ಯೋ, ಅದೇ ತಾಪತ್ರಯ!

ದಿನಾ ಬೆಳಿಗ್ಗೆ ವಡೆ ಕುಕ್ಕೆ ಸೈಕಲ್ಲಿಗೆ ಕಟ್ಕೊಂಡು, ಮೊದಲನೇ ಬಸ್ಸು ಹೊರಡೋದ್ರೊಳಗೆ ಅವನು ಬಸ್ ಸ್ಟ್ಯಾಂಡಿನ ಹೋಟ್ಲಿಗೆ ಮುಟ್ಟಿಸಬೇಕು. ಸೈಕಲ್ಲೋ, ಅವನಪ್ಪನ ಕಾಲದ್ದು. ತುಳಿದ್ರೆ ಕಿರ್ರೋ ಅನ್ನುತ್ತೆ, ಏರು ಸಿಕ್ಕಿದ್ರೆ ಕಟಕ್ ಅಂತ ಚೈನು ಕಳಚುತ್ತೆ. ಹೋಟ್ಲು ಪುಟ್ಟಶೆಟ್ಟಿ ಹೇಳೇಬಿಟ್ಟ: "ನೋಡು ದೇವೀರಮ್ಮ, ಇನ್ನೊಂದು ಸಲ ಬಸ್ಸು ಹೋದ್ಮೇಲೆ ವಡೆ ಬಂತೋ, ಬೇರೆಯವರ ಹತ್ರ ತಗೋತೀನಿ!"

ದೇವೀರಮ್ಮ ಎಣ್ಣೆ ಬಾಟ್ಲಿ ತಂದು ಮಗನ ಕೈಗಿಟ್ಳು. ವಡೆ ಬಿಟ್ರೆ ಅವಳಿಗೆ ಬೇರೆ ದಿಕ್ಕಿಲ್ಲ.

"ಲೋ ಮಗಾ, ಎಲ್ಲೆಲ್ಲಿ ಕಿರ್ರನ್ನುತ್ತೋ ಅಲ್ಲಲ್ಲಿ ಎಣ್ಣೆ ಬಿಡೋ!"

ಬಿಟ್ಟ. ಚೈನಿಗೆ ಬಿಟ್ಟ, ಪೆಡಲಿಗೆ ಬಿಟ್ಟ. ಬ್ರೇಕು ಹಿಡಿದ, ಅದೂ ಕಿರ್ರಂತು. ಅದಕ್ಕೂ ಬಿಟ್ಟ! ನೋಡೋಣ ಅಂತ ಖಾಲಿ ಸೈಕಲ್ಲು ಹತ್ತಿ ಇಳಿಜಾರಲ್ಲಿ ಬಿಟ್ರೆ, ಬ್ರೇಕು ಹಿಡೀಲೇ ಇಲ್ಲ. ಸೀದಾ ತಿಪ್ಪೇಲಿ ಹೋಗಿ ಬಿದ್ದ.

"ಥೂ ನಿನ್ನ! ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರೇನೋ? ಎಣ್ಣೆ ಹೆಚ್ಚಾಗಿ ಕಂಡ್ರೆ ಬಟ್ಟೇಲಿ ಒರೆಸಬೇಕು ಕಣೋ!"

"ಆಗ್ಲವ್ವ."

ಮಾರನೇ ಬೆಳಿಗ್ಗೆ ಒರೆಸಿದ. ಬ್ರೇಕು ಒರೆಸಿದ, ಚೈನು ಒರೆಸಿದ. ಬಟ್ಟೆ ಇದ್ದಲಿನ ಹಾಗೆ ಕಪ್ಪಗಾಯ್ತು. ತಿರುಗಿ ನೋಡ್ತಾನೆ, ಬಾಣಲೆಯಿಂದ ಆಗತಾನೇ ತೆಗೆದ ವಡೆ ಎಣ್ಣೆ ಸುರಿಸ್ಕೊಂಡು ಕೂತಿವೆ. ಅದೇ ಬಟ್ಟೇಲಿ ಅವನ್ನೂ ಒಂದೊಂದಾಗಿ ಒರೆಸಿದ!

ದೇವೀರಮ್ಮ ಹಣೆ ಚಚ್ಕೊಂಡ್ಳು. "ಇವನಿಗಲ್ಲ, ಬಾಯಿ ಬಿಟ್ಟ ನನಗೆ ಹೊಡೀಬೇಕು!" ಉಳಿದ ಹಿಟ್ಟಲ್ಲಿ ಗಡಿಬಿಡಿಯಿಂದ ವಡೆ ತಟ್ಟಿದ್ಳು. ತಟ್ತಾ ತಟ್ತಾ ಬಾಯಿ ಸುಮ್ನಿರಬೇಕಲ್ಲ!

"ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ತುಳಿದು ನೋಡೋ. ಸದ್ದು ಮಾಡೋದು ಯಾವುದೋ ಅದನ್ನ ಬಿಚ್ಚು. ಸದ್ದು ನಿಂತಿತೋ, ಕುಕ್ಕೆ ಕಟ್ಟಿ ಹತ್ತಿ ತುಳಿ. ಎಲ್ಲೂ ನಿಲ್ಲಿಸಬೇಡ!"

ಬಿಚ್ಚಿದ. ಚೈನನ್ನೇ ಬಿಚ್ಚಿದ! ಸದ್ದು ನಿಂತೇಹೋಯ್ತು. ಕುಕ್ಕೆ ಕಟ್ಟಿದ, ಹತ್ತಿದ, ತುಳಿದ.

ದೇವೀರಮ್ಮ ಒಳಗೆ ಬಾಣಲೆ ತಿಕ್ತಾ ಕಿವಿಗೊಟ್ಳು. ಕಿರ್ರೂ ಇಲ್ಲ, ಕಟಕ್ಕೂ ಇಲ್ಲ. "ಹೊರಟ ನನ್ನಪ್ಪ! ಪರವಾಗಿಲ್ಲ, ನನ್ನ ತಲೇಲೂ ಒಂಚೂರು ಬುದ್ಧಿ ಇದೆ" ಅಂತ ಬೀಗಿದ್ಳು. ದೂರದಲ್ಲಿ ಬಸ್ಸು ಹಾರನ್ ಹೊಡ್ಕೊಂಡು ಹೋಯ್ತು.

ಬಾಣಲೆ ನೀರು ಚೆಲ್ಲೋಕೆ ಅಂಗಳಕ್ಕೆ ಬಂದು ನೋಡ್ತಾಳೆ: ಸ್ಟ್ಯಾಂಡ್ ಹಾಕಿದ ಸೈಕಲ್ಲು, ಹಿಂದೆ ವಡೆ ಕುಕ್ಕೆ, ಮೇಲೆ ಚಿಕ್ಕಲಿಂಗ. ಬೆವರು ಸುರಿಸ್ಕೊಂಡು ತುಳೀತಾನೇ ಇದಾನೆ!

ಅವ್ವನ್ನ ಕಂಡು ಕಣ್ಣರಳಿಸಿದ.

"ಭಲೆ ಅವ್ವ! ಇಷ್ಟು ದೂರ ನಡ್ಕೊಂಡು ಬಂದೂ ನನ್ನ ಸೈಕಲ್ಲನ್ನ ಹಿಡಿದುಬಿಟ್ಟೆಯಲ್ಲ!"